ಪ್ರಭುದಾಸ ಮಾಸ್ತರು ಮೆಟ್ಟಿಲು ಹತ್ತಿದ ದಿನ

ಬೆಟಗೇರಿಯ ಪ್ರಭುದಾಸ ಮಾಸ್ತರು ಹೈಸ್ಕೂಲಿನ ಪಿ.ಟಿ. ಟೀಚರ್. ಮೈದಾನದಲ್ಲಿ ಅವರು ಒಮ್ಮೆ ಕೂಗಿದರೆ ರಸ್ತೆಯಾಚೆಯ ಚಹಾ ಅಂಗಡಿಯವನೂ ನೆಟ್ಟಗೆ ನಿಲ್ಲುತ್ತಿದ್ದ!

ಅಂಥ ಮನುಷ್ಯನಿಗೆ ಒಂದು ದಿನ ಹಾರ್ಟ್ ಅಟ್ಯಾಕ್ ಆಯಿತು...

ಸಕಾಲಕ್ಕೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಕೆಲವು ತಿಂಗಳ ನಂತರ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಹಾರ್ಟ್ ಛಲೋ ಐತ್ರಿ ಸರ್. ಗುಳಿಗಿ ಬಿಡಬ್ಯಾಡ್ರಿ. ದಿನಾ ಅಡ್ಡಾಡ್ರಿ, ಮೆಟ್ಟಲಾ ಹತ್ರಿ, ಡ್ಯೂಟಿಗೂ ಹೋಗ್ರಿ" ಎಂದರು.

ಆದರೆ ಮಾಸ್ತರರ ಮನಸ್ಸು ಒಪ್ಪಲಿಲ್ಲ.

ಯಾವಾಗ ನೋಡಿದರೂ ಕೈ ಎದೆಯ ಮೇಲೆ. ಬಚ್ಚಲಿಗೆ ಹೋಗಿ ಬಂದರೂ ಏದುಸಿರು! ಹಸಿವಿಲ್ಲ, ನಿದ್ದೆಯಿಲ್ಲ, ಕಾಲಲ್ಲಿ ಕಸುವಿಲ್ಲ...

ಪ್ರಾರ್ಥನೆ ಮಾತ್ರ ತಪ್ಪಿಸಲಿಲ್ಲ. ಅದೂ ದಿನಾ ಒಂದೇ ಪ್ರಾರ್ಥನೆ... "ಸ್ವಾಮಿ, ನನ್ನ ಸಾಯಿಸಬ್ಯಾಡ."

ಒಂದು ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಸಿ ಸಭಾಪಾಲಕರು ಮನೆಗೆ ಬಂದರು.

"ಮಾಸ್ತರ, ಕೊಳದ ದಂಡಿಗೆ ವರ್ಷಗಟ್ಟಲೆ ಮಲಗಿದ್ನಲ್ಲ ಒಬ್ಬ ರೋಗಿ... ಯೇಸುಸ್ವಾಮಿ ಅವಗ ಮೊದಲ ಏನ್ ಕೇಳಿದ್ರು? ಆರಾಮಾಗೂ ಮನಸ್ಸು ಐತೇನಪಾ ಅಂತ! ಈಗ ನಿಮ್ಮನ್ನೂ ಕೇಳಾಕತ್ತಾರ."

ಮಾಸ್ತರಿಗೆ ಸಿಟ್ಟು ಬಂತು. "ಮನಸ್ಸಿಂದ ಏನಾಗ್ತೈತ್ರಿ ಅಯ್ಯನವರ? ಕೆಟ್ಟಿದ್ದು ನನ್ನ ಎದಿ!" ಎಂದು ಗೋಡೆಯತ್ತ ತಿರುಗಿ ಮಲಗಿದರು.

ಪತ್ನಿ ಕೃಪಾವತಿ ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಗ್ಗೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದ ಕೃಪಾವತಿ ಕೆಳಗೆ ಬರಲೇ ಇಲ್ಲ... ಧಪ್ಪೆಂದು ಏನೋ ಬಿದ್ದ ಸದ್ದು!

"ಕೃಪಾ!"

ಉತ್ತರವಿಲ್ಲ.

ಮಾಸ್ತರು ಎದ್ದರು... ಓಡಿದರು! ಎರಡೆರಡು ಮೆಟ್ಟಿಲು ಒಟ್ಟಿಗೇ ಹಾರುತ್ತ ಮಾಳಿಗೆ ತಲುಪಿದರು!

ಒದ್ದೆ ಬಟ್ಟೆಗಳ ನಡುವೆ ಎಚ್ಚರ ತಪ್ಪಿ ಬಿದ್ದಿದ್ದ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದರು. "ಆಟೋ ತರ್ರೀ ಯಾರರ!" ಆ ಕೂಗಿಗೆ ಇಡೀ ಓಣಿಯೇ ಹೊರಗೆ ಬಂತು!

ಎದುರು ಮನೆಯ ನೀಲವ್ವನೂ ಆಟೋ ಹತ್ತಿದಳು. ದಾರಿಯುದ್ದಕ್ಕೂ ಮಾಸ್ತರರ ಬಾಯಲ್ಲಿ ಒಂದೇ ಮಾತು... "ಸ್ವಾಮಿ, ಈಕಿನ್ನ ಉಳಸು. ಈಕಿನ್ನ ಉಳಸು..."

ದವಾಖಾನೆಯಲ್ಲಿ ಡ್ರಿಪ್ ಹಚ್ಚಿ ಹೊರಬಂದ ಡಾಕ್ಟರಮ್ಮ ಹೇಳಿದರು, "ಗಾಬರಿ ಆಗಬ್ಯಾಡ್ರಿ, ಆರಾಮ ಆಗ್ತಾರ. ಶುಗರ್ ಭಾಳ ಇಳದೈತಿ. ಇವರು ಊಟ ಮಾಡ್ತಾರೋ ಇಲ್ಲೋ?"

ಮಾಸ್ತರಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ!

ನೀಲವ್ವ ಮೆಲ್ಲಗೆ ಹೇಳಿದಳು... "ನೀವು ಎದ್ದು ಅಡ್ಡಾಡೂ ಮಟಾ ಉಪವಾಸ ಪ್ರಾರ್ಥನಿ ಅಂತ ಹಿಡದಾರ್ರೀ ಮಾಸ್ತರ. ಸಂಜೀಕ ಒಂದೀಟು ಗಂಜಿ, ಅಷ್ಟ."

ಮಾಸ್ತರು ಬೆಂಚಿನ ಮೇಲೆ ಕುಸಿದು ಮಗುವಿನಂತೆ ಅತ್ತುಬಿಟ್ಟರು. ತಮ್ಮ ಎದೆಬಡಿತ ಕೇಳುತ್ತ ಕೂತವರಿಗೆ, ಪಕ್ಕದಲ್ಲೇ ಹಸಿದಿದ್ದವಳು ಕಂಡಿರಲಿಲ್ಲ...

ಸ್ವಲ್ಪ ಹೊತ್ತಿಗೆ ಕೃಪಾವತಿ ಕಣ್ಣು ತೆರೆದರು. "ರೀ... ನನ್ನ ಮಾಳಿಗಿಯಿಂದ ಯಾರ ಇಳಿಸಿದ್ರು?"

"ನಾನ."

"ನೀವಾ?! ಮೆಟ್ಟಲಾ ಹತ್ತಿ?!"

ಡ್ರಿಪ್ ಇದ್ದ ಕೈಯಲ್ಲೇ ಎದ್ದು ಕೂರಲು ಹೋದರು. ಅಳು, ನಗು ಎರಡೂ ಒಟ್ಟಿಗೇ ಬಂದವು! "ಸ್ವಾಮಿ... ಕೇಳಿದೆಪಾ ನನ್ನ ಪ್ರಾರ್ಥನಿ!"

ಡಾಕ್ಟರಮ್ಮ ಮಾಸ್ತರರನ್ನೂ ಬಿಡಲಿಲ್ಲ. ಮಲಗಿಸಿ ಇಸಿಜಿ ತೆಗೆದರು. ಎಲ್ಲ ಸರಿ!

"ಎದಿ ಎಂದೋ ಆರಾಮಾಗೈತ್ರಿ ಸರ್. ನಿಮ್ಮ ಹೆದರಿಕಿಗೆ ಅದು ಗೊತ್ತಾಗಿರಲಿಲ್ಲ" ಎಂದು ನಕ್ಕರು.

ಮಧ್ಯಾಹ್ನ ನೀಲವ್ವ ತಂದ ರೊಟ್ಟಿಯ ಗಂಟು ಬಿಚ್ಚಿ, ಮಾಸ್ತರು ಹೆಂಡತಿಗೆ ತಾವೇ ತುತ್ತು ಮಾಡಿ ತಿನ್ನಿಸಿದರು. ತಾವೂ ಹೊಟ್ಟೆ ತುಂಬ ಉಂಡರು... ಎಷ್ಟೋ ತಿಂಗಳ ಮೇಲೆ!

ದೇಹಕ್ಕೆ ಔಷಧಿ ಕೊಡಿಸುವ ದೇವರೇ ಮನಸ್ಸಿಗೆ ಧೈರ್ಯವನ್ನೂ ಕೊಡುತ್ತಾನೆ... ಎರಡನ್ನೂ ತೆಗೆದುಕೊಂಡವನು ಎದ್ದು ನಡೆಯುತ್ತಾನೆ!

ಇವತ್ತಿನ ನಿಮ್ಮ ಪ್ರಾರ್ಥನೆಯಲ್ಲಿ ಇರುವುದು ನಿಮ್ಮ ಭಯವೊಂದೇನಾ... ಪಕ್ಕದಲ್ಲಿರುವವರೂ ಇದ್ದಾರಾ?