ಮಂಚ ಬಿಟ್ಟ ಬಿಸಿಲು

ಬಿಸಿಲು ಮಂಚದಿಂದ ನೆಲಕ್ಕಿಳಿದ ಮಧ್ಯಾಹ್ನ ಅಜ್ಜಿ ಊಟದ ತಟ್ಟೆಯನ್ನು ಆಚೆ ತಳ್ಳಿದಳು. “ಆಯ್ತಲ್ಲ, ಅದೂ ಎದ್ದು ಹೋಯ್ತು,” ಎಂದು ಗೋಡೆಯ ಕಡೆ ಹೊರಳಲು ನೋಡಿದಳು. ಸೊಂಟ ಬಿಡಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ದಕ್ಷಿಣದ ಕಿಟಕಿಗೆ ಕಾಲು ಚಾಚಿ ಮಲಗುವ ಆ ಮಂಚವೇ ಅವಳ ಲೋಕ. ವರ್ಷಗಟ್ಟಲೆ ರೈಲು ನಿಲ್ದಾಣದ ಮೈಕಿನಲ್ಲಿ ಬರುವ ಹೋಗುವ ಗಾಡಿಗಳನ್ನು ಕೂಗಿ ಹೇಳಿದವಳಿಗೆ ಈಗ ಬಂದು ಹೋಗುವುದೆಂದರೆ ಹಗಲಿನ ಬಿಸಿಲೊಂದೇ. ಕೊರೆಯುವ ಚಳಿಯಲ್ಲಿ ಅದು ಅವಳ ಎದೆಯವರೆಗೂ ಹತ್ತಿ ಕೂರುತ್ತಿತ್ತು. ಬರಬರುತ್ತಾ ಮಂಡಿಗಿಳಿಯಿತು, ಪಾದಕ್ಕಿಳಿಯಿತು. ಇವತ್ತು ಪಾದವೂ ತಣ್ಣಗೆ.

“ಎದುರುಮನೆಯವನು ತಾರಸಿ ಮೇಲೆ ನೀರಿನ ಟ್ಯಾಂಕು ಕೂರಿಸಿದಾನಲ್ಲ, ಅವನದೇ ಕೆಲಸ. ಇವತ್ತು ಒಂದು ಕೈ ನೋಡೇ ಬಿಡ್ತೀನಿ!” ಮಗ ಅಂಗಿಯ ತೋಳು ಮಡಚಿಕೊಂಡು ಚಪ್ಪಲಿ ಹುಡುಕಿದ.

ಹೈಸ್ಕೂಲು ಓದುವ ಮೊಮ್ಮಗಳು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದಳು. “ಟ್ಯಾಂಕಿನ ನೆರಳು ಅವರ ತಾರಸಿ ಮೇಲೇ ಬಿದ್ದಿದೆ ಅಪ್ಪ. ನಮ್ಮನೆವರೆಗೂ ಬರ್ತಾನೇ ಇಲ್ಲ.”

ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿದ್ದ ಮಗ ಪೆಚ್ಚಾದ. “ಹಾಗಾದ್ರೆ ಮಂಚಾನೇ ಮುಂದಕ್ಕೆ ಎಳೀತೀನಿ, ತಾಳಮ್ಮ.”

“ಬೇಡ. ಬಿಟ್ಟು ಹೋಗೋರ ಬೆನ್ನು ಹತ್ತೋಳಲ್ಲ ನಾನು.” ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. “ಹೊರಗೆ ದಿನಾ ಸೆಕೆ ಏರ್ತಿದೆ ಅಂತೀರಿ. ಬೇಸಿಗೆ ಬಂದ್ರೆ ಬಿಸಿಲು ಜಾಸ್ತಿ ಆಗ್ಬೇಕು ತಾನೆ? ನನ್ನ ಮಂಚಕ್ಕೆ ಮಾತ್ರ ಯಾಕೆ ಕಮ್ಮಿ? ನನಗೆ ಅರ್ಥ ಆಗಲ್ಲ ಅಂದ್ಕೊಂಡ್ರಾ?”

ಭೂಮಿಯ ಅಕ್ಷ ಓರೆಯಾಗಿರುವುದರಿಂದ ಋತುಗಳು ಉಂಟಾಗುತ್ತವೆ ಎಂದು ಪರೀಕ್ಷೆಯಲ್ಲಿ ಬರೆದು ಶಹಬ್ಬಾಸ್ ಅನ್ನಿಸಿಕೊಂಡವಳು ಮೊಮ್ಮಗಳು. ಆ ವಾಕ್ಯಕ್ಕೂ ಅಜ್ಜಿಯ ಪಾದಕ್ಕೂ ಏನು ಸಂಬಂಧ? ಇರಲೇಬೇಕಲ್ಲ, ಅನ್ನಿಸಿತು. ಅಟ್ಟದಿಂದ ಚಪ್ಪಲಿಯ ಖಾಲಿ ರಟ್ಟಿನ ಡಬ್ಬಿ ತಂದು ಅದರ ಒಂದು ಪಕ್ಕಕ್ಕೆ ಕತ್ತರಿಯಲ್ಲಿ ಕಿಟಕಿ ಕೊರೆದು, ಒಳಗೆ ಕಾಣಲೆಂದು ಇನ್ನೊಂದು ಪಕ್ಕವನ್ನು ಕತ್ತರಿಸಿ ತೆಗೆದಳು. ಒಳಗೆ ಬೆಂಕಿಪೊಟ್ಟಣವೊಂದನ್ನು ಮಂಚ ಮಾಡಿ ಮಲಗಿಸಿದಳು. ಪರದೆ ಎಳೆದು ಟಾರ್ಚ್ ಹಾಕಿದಳು.

ಟಾರ್ಚನ್ನು ತಗ್ಗಿಸಿ ಹಿಡಿದಾಗ ಬೆಳಕು ಕಿಟಕಿಯಿಂದ ತೂರಿ ಬೆಂಕಿಪೊಟ್ಟಣದ ಮೇಲೆಲ್ಲ ಹರಡಿತು. ಮೆಲ್ಲಗೆ ಮೇಲೆತ್ತಿದಳು. ಬೆಳಕು ಹಿಂದೆ ಹಿಂದೆ ಸರಿಯುತ್ತಾ ಪೊಟ್ಟಣದಿಂದ ಇಳಿದು, ನೆಲ ಹಿಡಿದು, ಕಿಟಕಿಯ ಬುಡಕ್ಕೆ ಹೋಗಿ ಕುಳಿತಿತು.

“ಅಯ್ಯೋ ಅಜ್ಜಿ! ಕಮ್ಮಿ ಆಗಿಲ್ಲ, ಮೇಲೇರಿದೆ! ಚಳೀಲಿ ಸೂರ್ಯ ಬಗ್ಗಿ ಹೋಗ್ತಾನೆ, ಅದಕ್ಕೇ ಕಿಟಕೀಲಿ ಇಣುಕಿ ಒಳಗೆ ಬರ್ತಿದ್ದ. ಈಗ ನೆತ್ತಿ ಮೇಲೆ ಹತ್ತಿ ಸೂರು ಕಾಯಿಸ್ತಿದಾನೆ!”

ಅಜ್ಜಿ ಮೊಣಕೈ ಊರಿ ತಲೆ ಎತ್ತಿದಳು. “ಇನ್ನೊಂದ್ಸಲ ಇಳಿಸು, ನೋಡೋಣ.” ಇಳಿಸಿದಳು. ಬೆಳಕು ಮತ್ತೆ ಮಂಚ ಹತ್ತಿತು. “ಅಂದ್ರೆ ವಾಪಸ್ ಬರುತ್ತಾ?”

“ಚಳಿಗೆ ಬಂದೇ ಬರುತ್ತೆ. ನಿನ್ನ ಗಾಡಿಗಳ ಹಾಗೆ ತಡಾನೂ ಆಗಲ್ಲ.”

“ಗಾಡಿ ತಡ ಆಗ್ತಿದ್ದಿದ್ದು ನನ್ನಿಂದಲ್ಲ ಕಣೇ,” ಎಂದು ಅಜ್ಜಿ ರೇಗಿ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಳು. ಎರಡು ತುತ್ತು ಇಳಿದ ಮೇಲೆ ಕೈ ನಿಂತಿತು. “ಅಲ್ಲ, ಅದು ಯಾಕೆ ಹಾಗೆ ಏರಿ ಇಳೀಬೇಕು?”

ಅಜ್ಜಿಯ ಕೈಗೆ ಬಲ ಬರಲೆಂದು ಹಿಸುಕಲು ಕೊಟ್ಟಿದ್ದ ರಬ್ಬರ್ ಚೆಂಡನ್ನು ಮೊಮ್ಮಗಳು ಓರೆಯಾಗಿ ಹಿಡಿದಳು. “ಭೂಮಿ ಹೀಗೆ ವಾಲ್ಕೊಂಡೇ ಸೂರ್ಯನ್ನ ಸುತ್ತುತ್ತೆ. ಈಗ ನಾವಿರೋ ಈ ಮೇಲಿನ ಅರ್ಧ ಅವನ ಕಡೆ ವಾಲ್ತಿದೆ. ಕೆಳಗಿನ ಅರ್ಧ ಆಚೆ ವಾಲ್ತಿದೆ. ಅಲ್ಲಿ ಇನ್ನು ಚಳಿ ಶುರು.”

ಅಜ್ಜಿ ಚೆಂಡನ್ನು ಇಸಿದುಕೊಂಡು ತಿರುಗಿಸಿ, ಅದರ ತಳವನ್ನೇ ಬಹಳ ಹೊತ್ತು ನೋಡಿದಳು.

“ಇಲ್ಲೂ ಜನ ಇದಾರಾ?”

“ಬೇಕಾದಷ್ಟು.”

“ಅವರ ಕಿಟಕೀಲೂ ಬಿಸಿಲು ಹೀಗೇ ಬಗ್ಗಿ ಒಳಗೆ ಬರುತ್ತಾ?”

“ಅವರಿಗೆ ಉತ್ತರದ ಕಿಟಕೀಲಿ. ಈಗ ತಾನೆ ಬರೋಕೆ ಶುರುವಾಗಿರುತ್ತೆ.”

ಮಗ ಬಾಗಿಲಲ್ಲೇ ನಿಂತು, ಮಂಚ ಎಳೆಯಲಾ ಬೇಡವಾ ಎಂಬಂತೆ ತಾಯಿಯ ಮುಖ ನೋಡಿದ.

“ಬಿಡೋ,” ಎಂದಳು ಅಜ್ಜಿ, ಚೆಂಡಿನ ತಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಾ. “ಅಲ್ಲೂ ಒಬ್ಬಳು ಮುದುಕಿ ಸೊಂಟ ಮುರ್ಕೊಂಡು ಬಿದ್ದಿರ್ತಾಳೆ. ಇವತ್ತು ಅವಳ ಪಾದಕ್ಕೆ ತಾಕಿರ್ಬೇಕು. ಎದೆವರೆಗೂ ಏರ್ಲಿ, ಆಮೇಲೆ ಬರ್ಲಿ.”