ನೀಲವ್ವನ ಹಣೆಯ ಗಾಯ

ಗಾಯ ಹೇಗಾಯಿತೆಂದು ದಿನವೂ ಬರೆದರೆ ಅದು ತಾನಾಗಿ ಮಾಯುವ ಕಾಲ ಅದು. ಮುಲಾಮನ್ನು ಯಾರೂ ಕೊಳ್ಳುತ್ತಿರಲಿಲ್ಲ. ಗದಗಿನ ನೀಲವ್ವ ಮೂರು ತಿಂಗಳಿಂದ ಬೆಳಗಿನ ಚಹಾ ಆದ ಮೇಲೆ, 'ಬಚ್ಚಲದಾಗ ಜಾರಿ ಬಿದ್ದೆ' ಎಂದು ವಹಿಯಲ್ಲಿ ತಪ್ಪದೆ ಬರೆಯುತ್ತಿದ್ದಳು. ಹಣೆಯ ಗಾಯ ಮಾತ್ರ ಹಸಿಯಾಗಿಯೇ ಇತ್ತು.

ವಾರಕ್ಕೊಮ್ಮೆ ಮನೆಗೆ ಬರುವ ನರ್ಸ್ ದಾಕ್ಷಾಯಣಿ ವಹಿ ತಿರುವಿ ನೋಡಿ, "ಸುಳ್ಳು ಬರದ್ರ ಹೆಂಗ ಮಾಯ್ತದವ್ವಾ? ಖರೇ ಬರಿ," ಎಂದಳು.

ಮರುದಿನ ನೀಲವ್ವ, 'ಗಂಡ ನನ್ನ ತಲಿ ಬಾಗಿಲಿಗೆ ಜಜ್ಜಿದ' ಎಂದು ಬರೆದಳು. ಏಳು ದಿನ ಅದನ್ನೇ ಬರೆದಳು. ಕಲೆಯೂ ಉಳಿಯದಂತೆ ಗಾಯ ಮಾಯಿತು, ಎದೆಯೂ ಹಗುರಾಯಿತು.

ಗಂಡ ಫಕೀರಪ್ಪ ಅವಳ ಹಣೆ ಸವರಿ ನೋಡಿದ. ಬರೆದದ್ದನ್ನೂ ಓದಿದ. ಬೈಯಲಿಲ್ಲ. ಸಂಜೆ ಪೇಟೆಯಿಂದ ಇನ್ನೂರು ಪುಟದ ಹೊಸ ವಹಿ ತಂದು ಅವಳ ಮುಂದಿಟ್ಟು, "ತಗೋ, ಇನ್ನ ಚಿಂತಿಲ್ಲ ಬಿಡು," ಎಂದ.