ಬಿಡಿಸಿ ಹೇಳಿದ ಪದ

ಮೊಮ್ಮಗಳು ಇಟಾಲಿಯನ್ ಪಾಠ ಓದುತ್ತಾ "ಆಕ್-ಕ್ವಾ" ಎಂದು ಪದ ಬಿಡಿಸಿ, "ಅಂದ್ರೆ ನೀರು, ಅಜ್ಜಿ" ಎನ್ನುವಾಗ ನನಗೆ ಚಾಮರಾಜಪೇಟೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎರಡನೇ ಮಹಾಯುದ್ಧದ ಕಾಲ. ಇಟಲಿಯ ಕೈದಿಯೊಬ್ಬ ಯುದ್ಧಕೈದಿಗಳ ಕ್ಯಾಂಪಿನಿಂದ ತಪ್ಪಿಸಿಕೊಂಡಿದ್ದಾನೆ, ಬಾಗಿಲು ತೆಗೀಬೇಡಿ ಎಂದು ಹೇಳಿ ಅಪ್ಪ ಕಚೇರಿಗೆ ಹೋಗಿದ್ದರು. ಮನೆಯಲ್ಲಿ ಅಕ್ಕ, ನಾನು ಇಬ್ಬರೇ. ಹಿತ್ತಲ ಬಾವಿಯಿಂದ ನೀರು ಸೇದುತ್ತಿದ್ದಾಗ ಒಗೆಯುವ ಕಲ್ಲಿನ ಹಿಂದಿನಿಂದ ಅವನು ಎದ್ದು ನಿಂತ. ಬಿಸಿಲಿಗೆ ಸುಟ್ಟ ಮುಖ, ಒಡೆದ ತುಟಿ, ತೋಳಿನ ಮೇಲೆ ಒಣಗಿದ ರಕ್ತ. ನಾನು ಅಕ್ಕನ ಲಂಗ ಹಿಡಿದುಕೊಂಡೆ.

ಅವನು ಏನೋ ಅಂದ. ನಮಗೆ ತಿಳಿಯಲಿಲ್ಲ. ಮಕ್ಕಳಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಬಿಡಿಸಿದ: "ಆಕ್... ಕ್ವಾ."

"ನನ್ನನ್ನ ಅಕ್ಕಾ ಅಂತಿದಾನೆ ಕಣೇ," ಅಕ್ಕ ಪಿಸುಗುಟ್ಟಿದಳು. ಕೊಡ ಬಗ್ಗಿಸಿ ಅವನು ಒಡ್ಡಿದ ಬೊಗಸೆಗೆ ನೀರು ಹೊಯ್ದಳು.

ಅಷ್ಟರಲ್ಲಿ ಯಾರೋ ಮುಂಬಾಗಿಲು ಬಡಿದರು. ಒಳಗೆ ಓಡಿ ಕಿಟಕಿಯಿಂದ ನೋಡಿದರೆ ಪೊಲೀಸಿನವನು. "ಯಾರಾದ್ರೂ ಈ ಕಡೆ ಬಂದ್ರೇನಮ್ಮಾ?"

"ಇಲ್ಲ," ಎಂದಳು ಅಕ್ಕ.

ಅವನು ನನ್ನತ್ತ ಬಗ್ಗಿದ. "ನೀನು ನೋಡಿದ್ಯಾ, ಪುಟ್ಟಿ?"

ಇಲ್ಲವೆಂದು ತಲೆಯಾಡಿಸಿದೆ.

ಅವನು ಹೋದ ಮೇಲೆ ಇಬ್ಬರೂ ಹಿತ್ತಲಿಗೆ ಓಡಿ ಬಂದರೆ ಕೈದಿ ಇರಲಿಲ್ಲ. ಅಕ್ಕ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಅಳತೊಡಗಿದಳು. "ಅಪ್ಪನಿಗೆ ಹೇಳ್ಬೇಡ. ಅಕ್ಕಾ ಅಂದವನ್ನ ಹೇಗೆ ಹಿಡ್ಕೊಡ್ಲಿ?"